ಕೆರೆಗೆ ಹೋದ ಪಿಕಾಸೊ

ಶಿವಾರಪಟ್ಟಣದ ಆಸುಪಾಸಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಚಂದ್ರಮೋಹನ್ ಅನ್ನುವ ಡ್ರಾಯಿಂಗ್ ಮೇಷ್ಟ್ರಿದ್ದಾರೆ. ಶಾಲೆಯ ಹೆಸರು ಬೇಡ. ಅವರ ರಿಟೈರ್‌ಮೆಂಟಿಗೆ ಇನ್ನೂ ಎರಡು ವರ್ಷ ಇದೆ, ಸುಮ್ಮನೆ ಯಾಕೆ ತೊಂದರೆ. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಅವರು ಬರೆಯದೆ ಬಿಟ್ಟದ್ದು ಒಂದೇ ಒಂದು, ಅದು ಚಿತ್ರ. ಮಿಕ್ಕಿದ್ದೆಲ್ಲ ಬರೆದಿದ್ದಾರೆ. ಡೆಸ್ಕಿನ ಮೇಲೆ ನಂಬರು, ಶೌಚಾಲಯದ ಬಾಗಿಲ ಮೇಲೆ ಗಂಡಸರು ಹೆಂಗಸರು, ಗೇಟಿನ ಮೇಲೆ ಸುಸ್ವಾಗತ, ಎಲೆಕ್ಷನ್ ಬಂದಾಗ ಬೂತಿನ ಮುಂದೆ ಬಾಣದ ಗುರುತು, ಅಡುಗೆಮನೆ ಗೋಡೆಯ ಮೇಲೆ ಬಿಸಿಯೂಟದ ವಾರದ ಪಟ್ಟಿ. ಹೆಡ್‌ಮಾಸ್ಟರುಗಳ ಬೋರ್ಡಿನಲ್ಲಿ ಹನ್ನೊಂದು ಹೆಸರು ಬರೆದವರೂ ಅವರೇ. ಇಲಾಖೆಯಲ್ಲಿ ಯಾವ ಸಮಾರಂಭ ಆದರೂ ಮೊದಲು ಅವರಿಗೇ ಫೋನು ಬರುತ್ತಿತ್ತು. ಕಾರ್ಯಕ್ರಮದ ದಿನ ಅವರು ಬರೆದ ಬ್ಯಾನರಿನ ಕೆಳಗೆ ಊರಿನವರೆಲ್ಲ ಸನ್ಮಾನ ಮಾಡಿಸಿಕೊಂಡು ಹೋಗುತ್ತಿದ್ದರು.

ಬೆಂಗಳೂರಿನಲ್ಲಿ ಐದು ವರ್ಷ ಚಿತ್ರಕಲೆ ಓದಿ ಬಂದ ಮನುಷ್ಯ. ಒಬ್ಬ ಕಲಾವಿದ ಅಂತ ಯಾರಾದರೂ ಒಂದು ಸಲ ಅನ್ನಲಿ ಅನ್ನುವ ಆಸೆ ಅವರಿಗೆ ಮೊದಲ ದಿನದಿಂದಲೂ ಇತ್ತು. ಆದರೆ ಆಸೆ ಇದ್ದರೆ ಸಾಕೇ, ಪೀರಿಯಡ್ ಬೇಡವೇ? ಡ್ರಾಯಿಂಗ್ ಪೀರಿಯಡ್ಡನ್ನು ಗಣಿತದವರೋ ವಿಜ್ಞಾನದವರೋ ಎರವಲು ತೆಗೆದುಕೊಂಡು ಹೋಗುತ್ತಿದ್ದರು. ಎರವಲು ಕೊಟ್ಟದ್ದು ಒಂದು ಸಲವೂ ವಾಪಸು ಬಂದ ದಾಖಲೆ ಇಲ್ಲ.

ಹೀಗಿರುವಾಗ ಹೋದ ವರ್ಷ ಆಗಸ್ಟಿನಲ್ಲಿ ಒಂದು ಸುತ್ತೋಲೆ ಬಂತು. ಬೆಂಗಳೂರಿನ ಯಾವುದೋ ಫೌಂಡೇಶನ್ನಿನವರು ಇಲಾಖೆಯ ಜೊತೆ ಸೇರಿ ‘ಕುಂಚ ಸಂಚಾರ’ ಅನ್ನುವ ಯೋಜನೆ ಮಾಡಿದ್ದರು. ಹಳ್ಳಿಯ ಮಕ್ಕಳಿಗೆ ಜಗತ್ಪ್ರಸಿದ್ಧ ಚಿತ್ರಕಾರರನ್ನೂ ಅವರ ಶೈಲಿಯನ್ನೂ ಪರಿಚಯಿಸುವುದು. ಒಂದು ಟ್ರಂಕಿನಲ್ಲಿ ಮೂವರ ಚಿತ್ರ, ಕ್ಯಾನ್ವಾಸಿನ ಮೇಲೆ ಅಚ್ಚು ಹಾಕಿ ಮರದ ಚೌಕಟ್ಟು ಕಟ್ಟಿದ್ದು. ರವಿವರ್ಮನದೊಂದು, ವ್ಯಾನ್ ಗೋನದೊಂದು, ಪಿಕಾಸೊನದೊಂದು. ಟ್ರಂಕು ಮೊದಲು ಮಾಲೂರು ತಾಲ್ಲೂಕಿಗೆ, ಆಮೇಲೆ ಮುಳಬಾಗಿಲಿಗೆ, ಅಲ್ಲಿಂದ ಶ್ರೀನಿವಾಸಪುರಕ್ಕೆ, ಕೊನೆಗೆ ಕೋಲಾರದಲ್ಲಿ ದೊಡ್ಡ ಪ್ರದರ್ಶನ. ಮಾಲೂರಿನ ಪಾಲಿಗೆ ಆಯ್ಕೆಯಾದದ್ದು ಚಂದ್ರಮೋಹನ್ ಮೇಷ್ಟ್ರ ಶಾಲೆ. ಸುತ್ತೋಲೆಯನ್ನು ಅವರು ಮೂರು ಸಲ ಓದಿ, ಮನೆಗೆ ಹೋಗಿ ಹೆಂಡತಿ ಸುನಂದಾಗೆ ಓದಿ ಹೇಳಿ, ಇಸ್ತ್ರಿ ಮಾಡಿದ ಅಂಗಿ ತೆಗೆಸಿಟ್ಟರು.

ಟ್ರಂಕಿನ ಜೊತೆ ಒಂದು ಕೈಪಿಡಿಯೂ ಬಂತು. ಒಬ್ಬೊಬ್ಬ ಚಿತ್ರಕಾರನಿಗೆ ನಲವತ್ತೈದು ನಿಮಿಷ. ಐದು ನಿಮಿಷ ಜೀವನ, ಹತ್ತು ನಿಮಿಷ ಶೈಲಿ, ಹತ್ತು ನಿಮಿಷ ಅನುಭವ, ಇಪ್ಪತ್ತು ನಿಮಿಷ ಫೋಟೊ ತೆಗೆದು ಅಪ್‌ಲೋಡ್ ಮಾಡುವುದು. ಕಲಾವಿದರ ಬದುಕಿನ ಋಣಾತ್ಮಕ ಸಂಗತಿಗಳನ್ನು ಮಕ್ಕಳಿಗೆ ಹೇಳಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಆ ಪ್ರಕಾರ ವ್ಯಾನ್ ಗೋನ ಬದುಕಿನಲ್ಲಿ ಹೇಳಬಾರದ್ದನ್ನೆಲ್ಲ ತೆಗೆದ ಮೇಲೆ, ಅವನು ಹುಟ್ಟಿದ ಅನ್ನುವುದೂ ಸೂರ್ಯಕಾಂತಿ ಹೂವು ಬರೆದ ಅನ್ನುವುದೂ ಉಳಿದವು. ಅದನ್ನು ಐದು ನಿಮಿಷ ಹೇಗೆ ಎಳೆಯುವುದು ಅಂತ ಮೇಷ್ಟ್ರಿಗೆ ಚಿಂತೆಯಾಯಿತು.

ಇನ್ನೊಂದು ಸಂಗತಿ ಫೌಂಡೇಶನ್ನಿನವರಿಗೆ ಗೊತ್ತಿರಲಿಲ್ಲ. ಆ ಶಾಲೆಗೆ ಬರುವ ಮಕ್ಕಳಲ್ಲಿ ಅರ್ಧಕ್ಕರ್ಧ ಶಿವಾರಪಟ್ಟಣದ ಶಿಲ್ಪಿಗಳ ಮನೆಯವರು. ಕಲ್ಲಿನ ಪುಡಿಯಲ್ಲೇ ಅಂಬೆಗಾಲಿಟ್ಟವರು. ಮುಖ ಎಷ್ಟುದ್ದ ಇದ್ದರೆ ಮೈ ಅದರ ಎಷ್ಟರಷ್ಟಿರಬೇಕು, ಹುಬ್ಬಿನಿಂದ ಮೂಗಿನ ತುದಿಗೆ ಎಷ್ಟು, ಕಿವಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕು, ಇದೆಲ್ಲ ಅವರಿಗೆ ಮಗ್ಗಿಗಿಂತ ಮೊದಲೇ ಬಾಯಿಗೆ ಬಂದಿರುತ್ತದೆ. ಇಂಥವರ ಮುಂದೆ ಚಿತ್ರ ಇಟ್ಟರೆ ಅವರು ನೋಡುವುದಿಲ್ಲ, ಅಳೆಯುತ್ತಾರೆ.

ಮೊದಲ ದಿನ ರವಿವರ್ಮನ ಸರಸ್ವತಿ. ಒಂಬತ್ತನೇ ಕ್ಲಾಸಿನ ಮೌನಿಕಾ, ಹಿರಿಯ ಶಿಲ್ಪಿ ಮುನಿಶಾಮಾಚಾರಿಯ ಮೊಮ್ಮಗಳು, ಎದ್ದು ಬಂದು ಜಡೆಯ ರಿಬ್ಬನ್ ಬಿಚ್ಚಿ ದೇವಿಯ ಮುಖ ಅಳೆದು, ಅದರಲ್ಲೇ ಮೈಯನ್ನೂ ಅಳೆದು, ಸ್ವಲ್ಪ ಹೆಚ್ಚುಕಮ್ಮಿ ಇದೆ, ಪರವಾಗಿಲ್ಲ ಅಂತ ಪಾಸು ಮಾಡಿದಳು. ಮಾರನೆಯ ದಿನದ ಹೊತ್ತಿಗೆ ಆ ಚಿತ್ರ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಅರಿಶಿನ ಕುಂಕುಮ ಇಡಿಸಿಕೊಂಡು, ಊದುಬತ್ತಿಯ ಹೊಗೆ ಕುಡಿಯುತ್ತಾ ಕೂತಿತ್ತು. ಹೆಡ್‌ಮಾಸ್ಟರ್ ಕೋದಂಡರಾಮಪ್ಪನವರು ದೈವಭಕ್ತರು. ಎಸ್ಸೆಸ್ಸೆಲ್ಸಿ ಫಲಿತಾಂಶ ಹೋದ ವರ್ಷ ಕುಸಿದದ್ದಕ್ಕೆ ಪಾಠದಲ್ಲಿ ಕಾರಣ ಹುಡುಕುವವರಲ್ಲ.

ಎರಡನೆಯ ದಿನ ವ್ಯಾನ್ ಗೋ. ಟ್ರಂಕಿನಲ್ಲಿದ್ದದ್ದು ಅವನೇ ಬರೆದುಕೊಂಡ ಅವನ ಮುಖ, ಕಿವಿಗೆ ಬಟ್ಟೆ ಕಟ್ಟಿಕೊಂಡಿರುವುದು. ಮಕ್ಕಳು ಕಿವಿ ಎಲ್ಲಿ ಅಂತ ಕೇಳಿದರು. ಕೊಯ್ದುಕೊಂಡ ಅಂದರೆ ಋಣಾತ್ಮಕ. ಮೇಷ್ಟ್ರು ಯೋಚಿಸಿ, ಕಿವಿ ಸೋರುತ್ತಿತ್ತು ಅಂದರು. ಹಾಗಾದರೆ ವಾಸಿಯಾದ ಮೇಲೆ ಬರೆದುಕೊಳ್ಳಬಹುದಿತ್ತಲ್ಲ, ಅಷ್ಟು ಅವಸರ ಏನಿತ್ತು ಅಂತ ಒಬ್ಬ ಹುಡುಗ ಕೇಳಿದ. ಮೇಷ್ಟ್ರು ಫೋಟೊ ತೆಗೆಯುವ ಇಪ್ಪತ್ತು ನಿಮಿಷವನ್ನು ಅಲ್ಲಿಂದಲೇ ಶುರು ಮಾಡಿದರು.

ಮೂರನೆಯ ದಿನ ಪಿಕಾಸೊ. ಒಬ್ಬ ಹೆಂಗಸು, ಎರಡು ಕಣ್ಣೂ ಒಂದೇ ಕಡೆ, ಮೂಗು ಎತ್ತಲೋ, ಬಾಯಿ ಎತ್ತಲೋ. ಮೇಷ್ಟ್ರು ಕೈಪಿಡಿಯ ವಾಕ್ಯವನ್ನು ಉರು ಹೊಡೆದು ಬಂದಿದ್ದರು: ಒಂದೇ ವಸ್ತುವನ್ನು ಹಲವು ಕಡೆಯಿಂದ ಒಟ್ಟಿಗೆ ನೋಡುವುದು ಇವರ ಶೈಲಿ. ನಿಜ ಹೇಳಬೇಕೆಂದರೆ ಆ ವಾಕ್ಯ ಅವರಿಗೆ ಕಾಲೇಜಿನಲ್ಲೂ ಅರ್ಥವಾಗಿರಲಿಲ್ಲ. ಮೌನಿಕಾ ರಿಬ್ಬನ್ ಹಿಡಿದು ಎದ್ದು ಬಂದಳು, ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಹಾಗೇ ನಿಂತಳು.

“ಸಾರ್, ಇದು ಭಿನ್ನ ಆಗೋಗಿದೆ,” ಅಂದಳು. ತಪ್ಪು ಹುಡುಕುವ ದನಿಯಲ್ಲ ಅದು, ಯಾರೋ ಸತ್ತ ಸುದ್ದಿ ಹೇಳುವ ದನಿ.

ಅವರ ಕಡೆ ಹಾಗೆ. ಉಳಿಯ ಪೆಟ್ಟು ತಪ್ಪಿ ದೇವರ ಬೆರಳೋ ಕಿವಿಯೋ ಮುಕ್ಕಾದರೆ ಆ ವಿಗ್ರಹ ಭಿನ್ನ. ಅದನ್ನು ಮಾರುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕಂಡಕಂಡಲ್ಲಿ ಎಸೆಯುವಂತೆಯೂ ಇಲ್ಲ. ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು, ಕ್ಷಮೆ ಕೇಳಿ ನೀರಿಗೆ ಬಿಡಬೇಕು. ಮಕ್ಕಳು ಸಂಜೆ ಮನೆಗೆ ಹೋಗಿ, ಸ್ಕೂಲಲ್ಲಿ ಕಿವಿ ಇಲ್ಲದವನದೊಂದು, ಮುಖ ಕೆಟ್ಟವಳದೊಂದು ಇಟ್ಟಿದ್ದಾರೆ, ಹಾಗೇ ಬರೆಯಿರಿ ಅಂತ ಮೇಷ್ಟ್ರು ಹೇಳುತ್ತಿದ್ದಾರೆ ಅಂತ ವರದಿ ಒಪ್ಪಿಸಿದವು.

ಶನಿವಾರ ಚಂದ್ರಮೋಹನ್ ಶಾಲೆಯಲ್ಲಿರಲಿಲ್ಲ. ಯಾವುದೋ ಕ್ರೀಡಾಕೂಟಕ್ಕೆ ಬ್ಯಾನರು ಬರೆಯಲು ಮಾಲೂರಿಗೆ ಕರೆಸಿಕೊಂಡಿದ್ದರು. ಆ ಹೊತ್ತಿಗೆ ಸರಿಯಾಗಿ ಮುನಿಶಾಮಾಚಾರಿ ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಹೆಡ್‌ಮಾಸ್ಟರ ಮುಂದೆ ಬಂದು ಕೂತರು. ಜಗಳಕ್ಕಲ್ಲ, ಬಹಳ ವಿನಯದಿಂದ. ಮಕ್ಕಳು ವಿದ್ಯೆ ಕಲಿಯುವ ಜಾಗ, ಭಿನ್ನವಾದ ರೂಪ ಇಟ್ಟುಕೊಳ್ಳಬಾರದು, ಮಾಡಿದವನು ಎಷ್ಟು ನೊಂದುಕೊಂಡಿದ್ದಾನೋ ಪಾಪ, ಅವನ ಪರವಾಗಿ ನಾವೇ ಬಿಟ್ಟುಬರುತ್ತೇವೆ ಅಂದರು. ಕೋದಂಡರಾಮಪ್ಪನವರು ಬೋರ್‌ವೆಲ್ ಮೋಟರು ಸುಟ್ಟದ್ದನ್ನೂ ಫಲಿತಾಂಶ ಬಿದ್ದದ್ದನ್ನೂ ಒಮ್ಮೆ ನೆನೆಸಿಕೊಂಡರು. ಟ್ರಂಕು ಬಂದದ್ದು ಅವೆರಡೂ ಆದ ಮೇಲೆ ಅನ್ನುವುದು ಅವರಿಗೆ ಹೊಳೆಯಲಿಲ್ಲ. ಕಾಯಿ ತಾವೇ ತರಿಸಿದರು.

ವ್ಯಾನ್ ಗೋ ಮತ್ತು ಪಿಕಾಸೊ ಮಕ್ಕಳ ತಲೆಯ ಮೇಲೆ ಮೆರವಣಿಗೆ ಹೋಗಿ ಕೆರೆಯಲ್ಲಿ ಮುಳುಗಿದರು. ಎಲ್ಲ ಶಾಸ್ತ್ರೋಕ್ತ. ಚೌಕಟ್ಟುಗಳನ್ನು ಮಾತ್ರ ಹೆಡ್‌ಮಾಸ್ಟರು ಬಿಚ್ಚಿಸಿ ಇಟ್ಟುಕೊಂಡರು. ದಾಸ್ತಾನು ಪುಸ್ತಕದಲ್ಲಿ ಚೌಕಟ್ಟು ಮೂರು ಅಂತ ನಮೂದಾಗಿತ್ತು, ಇಲಾಖೆಯ ಆಸ್ತಿ ವಿಷಯದಲ್ಲಿ ಅವರು ಕಟ್ಟುನಿಟ್ಟು.

ಸೋಮವಾರ ಬೆಳಿಗ್ಗೆ ಚಂದ್ರಮೋಹನ್ ಟ್ರಂಕು ತೆಗೆದು ನೋಡಿ ಹೆಡ್‌ಮಾಸ್ಟರ ಕೋಣೆಗೆ ಓಡಿದರು. ಬುಧವಾರ ಫೌಂಡೇಶನ್ನಿನ ಚಂದನ ಮೇಡಂ ಜೀಪಿನಲ್ಲಿ ಬಂದು ಟ್ರಂಕನ್ನು ಮುಳಬಾಗಿಲಿಗೆ ಒಯ್ಯುವವರಿದ್ದರು. ರಸೀದಿಗೆ ಸಹಿ ಹಾಕಿದ್ದವರು ಮೇಷ್ಟ್ರು. ಹೆಡ್‌ಮಾಸ್ಟರು ಮಾತ್ರ ತಣ್ಣಗಿದ್ದರು.

“ಅಷ್ಟಕ್ಕೆ ಯಾಕ್ರೀ ಒದ್ದಾಡ್ತೀರಾ? ನೀವು ಡ್ರಾಯಿಂಗ್ ಮೇಷ್ಟ್ರು ತಾನೆ, ಎರಡು ಬರೆದು ಹಾಕಿ,” ಅಂದರು. ಬೋರ್ಡಿನಲ್ಲಿ ಹನ್ನೆರಡನೆಯ ಹೆಸರು ಬರೆಯಲು ಹೇಳುವಷ್ಟೇ ಸಲೀಸಾಗಿತ್ತು ಅವರ ಮಾತು.

ವಿಜ್ಞಾನದ ಲ್ಯಾಬಿನ ಬಾಗಿಲು ಹಾಕಿಕೊಂಡು ಮೇಷ್ಟ್ರು ಕೂತರು. ಕ್ಯಾನ್ವಾಸಿಗೆ ಹಳೆಯ ಬ್ಯಾನರಿನ ಬಟ್ಟೆ, ಬಣ್ಣಕ್ಕೆ ಗೇಟು ಬಾಗಿಲುಗಳಿಗೆ ಬಳಿದು ಉಳಿದ ಎನಾಮಲ್ ಡಬ್ಬಿಗಳು. ಅಪ್‌ಲೋಡ್ ಮಾಡಿದ ಫೋಟೊ ಮೊಬೈಲಿನಲ್ಲಿತ್ತು. ಕಿವಿಗೆ ಬಟ್ಟೆ ಕಟ್ಟಿಕೊಂಡವನು ಆವತ್ತು ಮಧ್ಯಾಹ್ನಕ್ಕೇ ಮುಗಿದ. ಯಾವ ಶಾಸಕರ ಬ್ಯಾನರನ್ನಾದರೂ ಅಷ್ಟೇ ಬೇಗ ಮುಗಿಸುತ್ತಿದ್ದರು. ಕಷ್ಟ ಬಂದದ್ದು ಪಿಕಾಸೊನ ಕಡೆಯಿಂದ. ಅದರ ಫೋಟೊದಲ್ಲಿ ಮಕ್ಕಳ ತಲೆಗಳೇ ತುಂಬಿ, ಹೆಂಗಸಿನ ಹಣೆಯೂ ಒಂದು ಕಣ್ಣೂ ಮಾತ್ರ ಕಾಣುತ್ತಿದ್ದವು. ಕೈಪಿಡಿಯಲ್ಲಿ ಚಿತ್ರದ ಹೆಸರಿರಲಿಲ್ಲ, ನೆಟ್ಟಿನಲ್ಲಿ ಹುಡುಕಿದರೆ ಪಿಕಾಸೊ ಬರೆದ ಇಂಥ ಹೆಂಗಸರು ನೂರಾರು. ಮಿಕ್ಕಿದ್ದನ್ನು ನೆನಪಿನಿಂದ ಬರೆಯಬೇಕು. ನೆನಪು ಮಾಡಿಕೊಂಡರೆ ಏನೂ ಬರಲಿಲ್ಲ.

ಬಂದದ್ದು ಬೇರೆ. ಅವರ ತಾಯಿ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ ಮಾಡಿದವರು. ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಕೈಯಲ್ಲಿರುವ ಹಣ್ಣಿನ ಮೇಲೆ, ಇನ್ನೊಂದು ಕಣ್ಣು ಮಂಡಿಯವನ ತಕ್ಕಡಿಯ ಮೇಲೆ ಇಟ್ಟುಕೊಂಡೇ ಇರುತ್ತಿದ್ದರು. ಆ ಮುಖವನ್ನು ಎದುರಿನಿಂದ ನೋಡಿದರೂ ಸುಳ್ಳು, ಪಕ್ಕದಿಂದ ನೋಡಿದರೂ ಸುಳ್ಳು. ಚಂದ್ರಮೋಹನ್ ಕುಂಚ ಅದ್ದಿದರು. ಎರಡು ಕಣ್ಣೂ ತಾವಾಗಿಯೇ ಒಂದೇ ಕಡೆಗೆ ಬಂದು ಕೂತವು. ಮೂಗು ಹಣ್ಣಿನ ವಾಸನೆಯ ಕಡೆಗೆ ಹೋಯಿತು, ತುಟಿ ಲೆಕ್ಕ ಎಣಿಸುತ್ತಾ ಇನ್ನೊಂದು ಕಡೆಗೆ ಹೋಯಿತು, ಮಾವಿನಹಣ್ಣು ಹಿಡಿದ ಕೈ ಮಾತ್ರ ಕೈಗಿಂತ ದೊಡ್ಡದಾಯಿತು. ಕೈಪಿಡಿಯ ಆ ವಾಕ್ಯ, ಕಾಲೇಜಿನಲ್ಲಿ ಅರ್ಥವಾಗದ್ದು, ಐವತ್ತೆಂಟನೆಯ ವಯಸ್ಸಿನಲ್ಲಿ ಲ್ಯಾಬಿನ ಸ್ಟೂಲಿನ ಮೇಲೆ ಅರ್ಥವಾಯಿತು. ಮಂಗಳವಾರ ಸಂಜೆ ಮುಗಿಸಿ ದೂರ ನಿಂತು ನೋಡಿದಾಗ ಅವರಿಗೆ ಅಳು ಬಂತು. ತಮ್ಮದು ಅನ್ನುವಂತೆ ಬದುಕಿನಲ್ಲಿ ಬರೆದ ಮೊದಲ ಚಿತ್ರ ಅದು, ಚೆನ್ನಾಗಿತ್ತು.

ಬುಧವಾರ ಚಂದನ ಮೇಡಂ ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮನಸ್ಸು, ಎಲ್ಲವನ್ನೂ ಅದ್ಭುತ ಅನ್ನುವ ಸ್ವಭಾವ. ಅರಿಶಿನ ಕುಂಕುಮ ಒರೆಸಿಕೊಂಡ ಸರಸ್ವತಿಯೂ ವಾಪಸು ಸೇರಿದ್ದ ಟ್ರಂಕು ತೆಗೆದಾಗ ಎನಾಮಲ್ ವಾಸನೆ ಗುಪ್ಪೆಂದು ಮುಖಕ್ಕೆ ಹೊಡೆಯಿತು. ಮೇಷ್ಟ್ರು ಕಿಟಕಿ ತೆರೆಯಲು ಓಡಿದರು. ಮೇಡಂ ಮಾತ್ರ, ಓ, ವಾರ್ನಿಶ್ ಕೊಟ್ಟು ಕಾಪಾಡಿದ್ದೀರಾ, ಇಷ್ಟು ಕಾಳಜಿ ಯಾವ ಶಾಲೆಯಲ್ಲೂ ನೋಡಿಲ್ಲ ಅಂತ ಹೊಗಳಿ ಸಹಿ ಹಾಕಿದರು. ಹೆಡ್‌ಮಾಸ್ಟರು ಎಳನೀರು ಕೊಡಿಸಿದರು. ಜೀಪು ಹೋಯಿತು. ಗಂಡಾಂತರ ಕಳೆಯಿತು ಅಂತ ಎಲ್ಲರೂ ನಿಟ್ಟುಸಿರು ಬಿಟ್ಟರು, ಮೇಷ್ಟ್ರೊಬ್ಬರನ್ನು ಬಿಟ್ಟು. ಅವರಿಗೆ ಮಗಳನ್ನು ಬೇರೆಯವರ ಹೆಸರಿನಲ್ಲಿ ಧಾರೆ ಎರೆದು ಕಳಿಸಿದಷ್ಟು ಸಂಕಟವಾಗಿತ್ತು.

ಆಮೇಲೆ ಶುರುವಾಯಿತು ನೋಡಿ. ನಾಲ್ಕು ತಾಲ್ಲೂಕಿನ ಡ್ರಾಯಿಂಗ್ ಮೇಷ್ಟ್ರುಗಳ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಫೋಟೊ. ಮುಳಬಾಗಿಲಿನ ಮಕ್ಕಳು ಆ ಹೆಂಗಸನ್ನು ನೋಡಿ ಬರೆದ ನಲವತ್ತು ಚಿತ್ರ. ಅದರ ಕೆಳಗೆ ಯಾರೋ ತಜ್ಞರು, ಆ ಕೈಯಲ್ಲಿ ಪಿಕಾಸೊನ ಸ್ಪೇನಿನ ಬಾಲ್ಯ ಹೇಗೆ ಮೂಡಿದೆ ಗಮನಿಸಿ ಅಂತ ಎರಡು ಪುಟ ಬರೆದಿದ್ದರು. ಶೌಚಾಲಯದ ಬಾಗಿಲಿಗೆ ಬಳಿದು ಉಳಿದಿದ್ದ ನೀಲಿ ಬಣ್ಣ ಇತ್ತಲ್ಲ, ಅದನ್ನು ಕಲಾವಿದನ ನೀಲಿ ವಿಷಾದ ಅಂತ ಕರೆದಿದ್ದರು. ಟ್ರಂಕು ಶ್ರೀನಿವಾಸಪುರಕ್ಕೆ ಹೋದಾಗ ಇನ್ನೂ ಹೆಚ್ಚಾಯಿತು. ಅಲ್ಲಿನ ಮಕ್ಕಳು ಚಿತ್ರ ಕಂಡ ಕೂಡಲೇ, ಇವಳು ನಮ್ಮ ಮಂಡಿ ಅವ್ವ ಅಂದರಂತೆ. ಹಳ್ಳಿಯ ಮಗು ಪಿಕಾಸೊನನ್ನು ತನ್ನ ನೆಲಕ್ಕೆ ತಂದುಕೊಂಡ ಪರಿ ಅಂತ ಫೌಂಡೇಶನ್ನಿನವರು ಅದನ್ನು ವರದಿಯ ಮುಖಪುಟಕ್ಕೆ ಹಾಕಿದರು.

ಒಂದೊಂದು ಫೋಟೊ ಬಂದಾಗಲೂ ಚಂದ್ರಮೋಹನ್ ಬೆರಳು, ‘ಇದು ನಾನು ಬರೆದದ್ದು’ ಅಂತ ಟೈಪ್ ಮಾಡುತ್ತಿತ್ತು, ಅಳಿಸುತ್ತಿತ್ತು. ಇಲಾಖೆಯ ವಸ್ತು ಕೆರೆಗೆ ಹಾಕಿದ್ದು, ನಕಲಿ ಇಟ್ಟದ್ದು, ಎರಡಕ್ಕೂ ವಿಚಾರಣೆ ಆಗುತ್ತದೆ. ಆದರೂ ಒಳಗೆ ಒಂದು ಮಾತು ಕುದಿಯುತ್ತಲೇ ಇತ್ತು. ಸಾಯುವುದರೊಳಗೆ ಒಬ್ಬರ ಮುಂದಾದರೂ ನಿಂತು ಇದು ನನ್ನದು ಅಂತ ಹೇಳಬೇಕು. ಸುನಂದಾಗೆ ಹೇಳಿದರೆ ಅವರು ಚಿತ್ರ ನೋಡಿ, ನಮ್ಮತ್ತೆ ಇಷ್ಟು ಕೆಟ್ಟದಾಗಿರಲಿಲ್ಲ ಅಂದುಬಿಟ್ಟರು.

ಕೋಲಾರದ ಪ್ರದರ್ಶನ ಡಿಸೆಂಬರಿನಲ್ಲಿ ಆಯಿತು. ಬ್ಯಾನರು ಬರೆದವರು ಯಾರು ಅಂತ ಹೇಳಬೇಕಾಗಿಲ್ಲ. ಹಾಲ್‌ನ ನಡುವೆ, ಹಗ್ಗ ಕಟ್ಟಿ, ಮೇಲೊಂದು ದೀಪ ಹಾಕಿ, ಅವರ ತಾಯಿಯನ್ನು ನಿಲ್ಲಿಸಿದ್ದರು. ಕೆಳಗೆ ಚೀಟಿ: ಪಾಬ್ಲೊ ಪಿಕಾಸೊ, ಸ್ಪೇನ್. ಮಕ್ಕಳು ಸಾಲಾಗಿ ಬಂದು ನೋಡುತ್ತಿದ್ದವು. ಹಗ್ಗ ಮುಟ್ಟಬೇಡಿ ಅಂತ ಒಬ್ಬರು ಮೇಷ್ಟ್ರನ್ನೇ ಗದರಿಸಿ ಹಿಂದೆ ಸರಿಸಿದರು. ಅಲ್ಲಿಗೆ ಅವರ ತಾಳ್ಮೆ ಮುಗಿಯಿತು. ಚಂದನ ಮೇಡಂ ಒಬ್ಬರೇ ಸಿಕ್ಕಾಗ ಹತ್ತಿರ ಹೋದರು.

“ಮೇಡಂ, ಇದು ನಾನು ಬರೆದಿರೋದು,” ಅಂದರು.

ಮೇಡಂ ಸಂತೋಷದಿಂದ ಅವರ ಕೈ ಹಿಡಿದುಕೊಂಡರು. “ಗೊತ್ತಾ ಸರ್, ಇದರ ಮುಂದೆ ನಿಂತವರೆಲ್ಲ ಹಾಗೇ ಹೇಳ್ತಾರೆ. ನಮ್ಮ ಜೀಪ್ ಡ್ರೈವರ್ ಕೂಡ ನಾನೂ ಬರೀತೀನಿ ಅಂದ. ಪಿಕಾಸೊ ಶಕ್ತಿನೇ ಅದು.”

ಮೇಷ್ಟ್ರು ಬಿಡಲಿಲ್ಲ. ಮಂಡಿ, ತಾಯಿ, ಹಣ್ಣಿನ ಮೇಲೊಂದು ಕಣ್ಣು, ತಕ್ಕಡಿಯ ಮೇಲೊಂದು ಕಣ್ಣು, ಎಲ್ಲ ಹೇಳಿದರು. ಕೆರೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೇಡಂ ಕಣ್ಣೊರೆಸಿಕೊಂಡು ಮೊಬೈಲು ತೆಗೆದು, ಇದನ್ನೇ ಇನ್ನೊಂದು ಸಲ ಹೇಳಿ ಸರ್, ‘ನನ್ನೊಳಗಿನ ಪಿಕಾಸೊ’ ಅಂತ ವೀಡಿಯೊ ಹಾಕೋಣ ಅಂದರು. ಹೇಳಿದ್ದನ್ನೆಲ್ಲ ಹಿಡಿದುಕೊಂಡು, ಅದ್ಭುತ ಅಂದು, ವೇದಿಕೆಯ ಕಡೆಗೆ ಓಡಿದರು.

ಮಾತು ಕೋದಂಡರಾಮಪ್ಪನವರ ಕಿವಿಗೂ ಬಿದ್ದಿತ್ತು. ಅವರು ಮೇಷ್ಟ್ರ ತೋಳು ಹಿಡಿದು ಕಂಬದ ಮರೆಗೆ ಎಳೆದರು. ತಲೆ ಕೆಟ್ಟಿದೆಯೇ ನಿಮಗೆ, ನಾಳೆ ವಿಚಾರಣೆ ಬಂದರೆ ನನ್ನ ಪ್ರಮೋಷನ್ನೂ ಹೋಯಿತು, ನಿಮ್ಮ ಪೆನ್ಷನ್ನೂ ಹೋಯಿತು, ಒಂದು ಚಿತ್ರಕ್ಕೋಸ್ಕರ ಬೀದಿಗೆ ಬೀಳುತ್ತೀರಾ, ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿರಿ ಅಂದರು. ಬೈದದ್ದಲ್ಲ, ಕೇಳಿಕೊಂಡದ್ದು. ಅದೇ ಹೆಚ್ಚು ನಾಟಿತು. ಮೇಷ್ಟ್ರು ತಲೆಯಾಡಿಸಿದರು.

ಆಗ ಬಾಗಿಲಲ್ಲಿ ಮುನಿಶಾಮಾಚಾರಿ ಕಂಡರು. ಮೌನಿಕಾಳ ಚಿತ್ರವೊಂದು ಪ್ರದರ್ಶನಕ್ಕೆ ಆಯ್ಕೆಯಾಗಿತ್ತು, ಮೊಮ್ಮಗಳ ಜೊತೆ ಬಂದಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಉಗುರಿನ ಸಂದಿಯಲ್ಲಿ ಕಲ್ಲಿನ ಪುಡಿ. ನೇರ ಹಾಲ್‌ನ ನಡುವಿಗೆ ಬಂದು ಆ ಚಿತ್ರದ ಮುಂದೆ ನಿಂತರು. ಹೆಡ್‌ಮಾಸ್ಟರ ಮುಖ ಬಿಳುಚಿಕೊಂಡಿತು. ನೀರಿಗೆ ಬಿಟ್ಟದ್ದು ಇಲ್ಲಿ ಹೇಗೆ ಬಂತು ಅಂತ ಮುದುಕ ಜೋರಾಗಿ ಕೇಳಿದರೆ ಮುಗಿಯಿತು. ಇಬ್ಬರೂ ಓಡಿ ಹೋಗಿ ಅವರ ಎಡಬಲಕ್ಕೆ ನಿಂತರು.

ಮುನಿಶಾಮಾಚಾರಿ ಹೆಬ್ಬೆರಳು ಕಿರುಬೆರಳು ಅಗಲಿಸಿ, ಹಗ್ಗದ ಈಚೆಯಿಂದಲೇ ಗಾಳಿಯಲ್ಲಿ ಆ ಮುಖ ಅಳೆದರು. ಮತ್ತೆ ಅಳೆದರು. ಕೈ ಕೆಳಗಿಳಿಸಿ ಹಗ್ಗಕ್ಕೆ ತಾಗುವಷ್ಟು ಹತ್ತಿರ ಬಾಗಿ ನೋಡಿದರು. ಕೊನೆಗೆ ಮೆಲ್ಲಗೆ, ಇದು ಅದಲ್ಲ, ಅದರಲ್ಲಿ ಅಳತೆ ಎಲ್ಲಿ ತಪ್ಪಿದೆ ಅಂತಲೇ ತಿಳಿದಿರಲಿಲ್ಲ, ಇದರಲ್ಲಿ ಬೇಕು ಅಂತಲೇ ತಪ್ಪಿಸಿದ್ದಾನೆ, ಈಯಮ್ಮ ಎರಡು ಕಡೆ ನೋಡುತ್ತಿದ್ದಾಳೆ ಅಂದರು. ಹೆಡ್‌ಮಾಸ್ಟರು ಅವಸರವಾಗಿ, ಹೊಸದು ಕಳಿಸಿದ್ದಾರೆ ಆಚಾರ್ರೇ ಅಂದರು.

“ಇದು ಭಿನ್ನ ಅಲ್ಲ ಮೇಷ್ಟ್ರೇ,” ಅಂತ ಮುನಿಶಾಮಾಚಾರಿ ಚಂದ್ರಮೋಹನ್ ಕಡೆ ತಿರುಗಿದರು. “ಅರವತ್ತು ವರ್ಷ ಕಲ್ಲು ಕುಟ್ಟಿದೀನಿ, ಇಂಥ ಕೈ ಕಾಣಲಿಲ್ಲ. ಯಾರ ಕೈ ಇದು?”

ಅವರ ಊರಿನಲ್ಲಿ ಯಾರೂ ವಿಗ್ರಹದ ಮೇಲೆ ಹೆಸರು ಕೊರೆಯುವುದಿಲ್ಲ. ಕೆಲಸ ಮನಸ್ಸಿಗೆ ಹಿಡಿಸಿದರೆ ಹೀಗೆ ಕೇಳುತ್ತಾರೆ, ಮಾಡಿದವನು ನನ್ನದು ಅನ್ನುತ್ತಾನೆ, ಅಷ್ಟೇ ಅವರ ಸನ್ಮಾನ. ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. ಕೋದಂಡರಾಮಪ್ಪನವರು ಹಿಂದಿನಿಂದ ಅವರ ಅಂಗಿಯ ತುದಿ ಹಿಡಿದುಕೊಂಡರು. ವೇದಿಕೆಯ ಮೇಲಿಂದ ಚಂದನ ಮೇಡಂ ಇವರ ಕಡೆ ಕೈ ಬೀಸಿದರು.

“ಪಿಕಾಸೊ ಅಂತ,” ಅಂದರು ಮೇಷ್ಟ್ರು.

“ಯಾವೂರಿನವನು?”

“ಸ್ಪೇನು.”

ಮುನಿಶಾಮಾಚಾರಿ ಇನ್ನೊಮ್ಮೆ ಚಿತ್ರದ ಕಡೆ ನೋಡಿ, ಆ ದೊಡ್ಡ ಕೈಯನ್ನು, ಅದರಲ್ಲಿದ್ದ ಹಣ್ಣನ್ನು ನೋಡಿ, ತಲೆದೂಗಿದರು.

“ಔನಾ. ಅಲ್ಲೂ ಮಾವಿನ ಮಂಡಿ ಐತಾ ಮೇಷ್ಟ್ರೇ?”

ಐತೆ ಅಂದರು ಮೇಷ್ಟ್ರು.